ಗೋಡೆಯಾಚೆಯ ಪೈಲಟ್

"ಏ ಯಮನೂರಿ, ಗ್ವಾಡಿಗೆ ಮೈ ಹಚ್ಚಬ್ಯಾಡ! ಸುಣ್ಣ ಹಸಿ ಐತಿ."

ದೊಡ್ಡಬಸಪ್ಪ ಗೌಡರು ಹನುಮಪ್ಪನ ಗುಡಿಯ ಕಟ್ಟೆಯ ಮೇಲಿಂದ ಕೂಗಿದರು. ಅದೇ ಗೋಡೆಗೆ ಒಳಗಿನಿಂದ ನಾಲ್ಕೈದು ಮಂದಿ ಒರಗಿ ಎಲೆಅಡಿಕೆ ಜಗಿಯುತ್ತಿದ್ದರು. ಹೊರಗಿದ್ದ ಯಮನೂರವ್ವ ಹಿಂದೆ ಸರಿದು ಡ್ರೋನಿನ ರಿಮೋಟನ್ನು ಕೊರಳಿಗೆ ಹಾಕಿಕೊಂಡಳು.

ಗೌಡರ ಗದ್ದೆಗಳಿಗೆ ಔಷಧಿ ಹೊಡೆಯುವವಳು ಅವಳೇ. ಮೊದಲು ಬೆನ್ನಿಗೆ ಪಂಪು ಹೊತ್ತು, ತರಬೇತಿ ಮುಗಿಸಿ ಬಂದ ಮೇಲೆ ಗೌಡರ ಡ್ರೋನಿನಿಂದ. ಫೋಟೋ ತೆಗೆಯುವಾಗ ಮಾತ್ರ ರಿಮೋಟು ಗೌಡರ ಮಗ ಪ್ರಭುರಾಜನ ಕೈಗೆ ಹೋಗುತ್ತಿತ್ತು.

ಇವತ್ತು ಗುಡಿಗೆ ಹೊಸ ಕಳಸ. ಅದರ ಮೇಲೆ ಡ್ರೋನಿನಿಂದ ಹೂ ಸುರಿಸಬೇಕು. ಡ್ರೋನಿನ ಗೊಬ್ಬರ ಉದುರಿಸುವ ಡಬ್ಬಿ ತೊಳೆದು ಚೆಂಡುಹೂವಿನ ಎಸಳು ತುಂಬಿದ ಪೂಜಾರಿ, ಡ್ರೋನಿಗೆ ಕುಂಕುಮ ಹಚ್ಚಿ ಹೇಳಿದ್ದ: "ಇವತ್ತ ಇದನ್ನ ಮುಟ್ಟಬ್ಯಾಡವಾ, ಮಡಿ ಮಾಡೀವಿ. ಹೊರಗ ನಿಂತು ಹಾರಸು."

ಅವಳ ಚೀಲದಲ್ಲಿ ಮಡಚಿದ ಒಂದು ಹಾಳೆಯಿತ್ತು. ಕೊಪ್ಪಳದ ಕಂಪನಿಯೊಂದು ಡ್ರೋನ್ ಪೈಲಟ್‌ಗಳನ್ನು ಕರೆದಿತ್ತು. ನಿನ್ನೆ ಗಂಗಾವತಿಯ ಕಂಪ್ಯೂಟರ್ ಅಂಗಡಿಯ ಖಾಜಾಸಾಬ ಅವಳ ರೆಸ್ಯೂಮ್ ಟೈಪ್ ಮಾಡಿದ್ದ.

"ಕಷ್ಟಪಟ್ಟು ದುಡೀತೀನಿ ಅಂತ ಬರೀರಿ ಕಾಕಾ."

"ಅದನ್ನ ಕತ್ತೆನೂ ಬರಿಬೌದು. ಯಾವ ಬೆಳಿ, ಕರೆಂಟ್ ತಂತಿ ಅಡ್ಡ ಬಂದ್ರ ಹೆಂಗ ತಪ್ಪಸ್ತಿ, ಗಾಳಿ ಎದ್ರ ಏನ ಮಾಡ್ತಿ? ಅದನ್ನ ಹೇಳು."

ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಕೊನೆಗೆ, "ಛಲೋ ಆತು. ಆದ್ರ ಹಾರಿಸಿದಾಕಿ ನೀನ ಅಂತ ಗೌಡ್ರ ಸೈ ಬೇಕವಾ. ಇಲ್ಲಂದ್ರ ಯಾರ ನಂಬ್ತಾರ?" ಎಂದು ಇನ್ನೊಂದು ಹಾಳೆಯಲ್ಲಿ ಎರಡು ಸಾಲು ಅಚ್ಚು ಮಾಡಿ ಕೊಟ್ಟಿದ್ದ.

ಬೆಳಿಗ್ಗೆ ಅದನ್ನು ನೋಡಿ ಗೌಡರು ನಕ್ಕಿದ್ದರು. "ಹಾರಸೋದು ನನ್ನ ಮಗ. ನೀ ಕೂಲಿಯಾಕಿ."

ಡ್ರೋನ್ ಎದ್ದಿತು. ಡೊಳ್ಳು ಜೋರಾಯಿತು. ಕಟ್ಟೆಯ ಮೇಲೆ ಪ್ರಭುರಾಜ, ಎಂದೋ ಕೆಟ್ಟುಹೋದ ಹಳೆಯ ರಿಮೋಟು ಹಿಡಿದು ನಿಂತಿದ್ದ.

"ಪ್ರಭುರಾಜ ಗೌಡ್ರು ಈಗ ಹೂ ಸುರಸ್ತಾರ!" ಮೈಕು ಕೂಗಿತು.

ಡ್ರೋನ್ ಕಳಸದ ಮೇಲೆ ನಿಂತಿತು. ಹೂ ಬೀಳಲಿಲ್ಲ.

"ಏ, ಸುರೀಲೇ!" ಗೌಡರು ಗೋಡೆಯತ್ತ ಬಂದರು.

"ಸೈ ಹಾಕ್ರಿ ಗೌಡ್ರ. ಪೆನ್ನು ತಂದೀನಿ."

"ಬೋಸುಡಿ! ದೇವರ ಕೆಲಸಕ್ಕ ಲಂಚ ಕೇಳ್ತಿ?"

"ಯಾರ ಹಾರಸಾಕತ್ಯಾರ ಅಂತ ಸೈ ಹಾಕ್ರಿ. ಅಷ್ಟ."

"ನನ್ನ ಮಗ ಹಾರಸಾಕತ್ಯಾನ!"

"ಹಂಗಾರ ಅವಂಗ ಸುರಿ ಅನ್ರಿ."

ಡೊಳ್ಳು ನಿಂತಿತು. ಎಲ್ಲರೂ ಪ್ರಭುರಾಜನತ್ತ ತಿರುಗಿದರು. ಅವನು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದ. ಡ್ರೋನ್ ನಿಂತಲ್ಲೇ ಗುಂಯ್‌ಗುಟ್ಟಿತು. ಗೋಡೆಯ ಹೊರಗೆ ನಿಂತು ನೋಡುತ್ತಿದ್ದವರಲ್ಲಿ ಮೊದಲು ನಕ್ಕವಳು ಯಮನೂರವ್ವನ ತಾಯಿ ಮಾರೆಮ್ಮ. ಆಮೇಲೆ ಅವರ ಕೇರಿಯೆಲ್ಲ.

"ನಾಳಿಂದ ನನ್ನ ಗದ್ದಿ ಕಡೆ ಮುಖ ತೋರಸಬ್ಯಾಡ!" ಗೌಡರು ಕಿರುಚಿದರು.

ಡ್ರೋನಿನ ಬ್ಯಾಟರಿ ಮುಗಿಯುತ್ತ ಬಂತೆಂದು ರಿಮೋಟು ಕೂಗತೊಡಗಿತು. ಯಮನೂರವ್ವ ಅದರ ಕಡ್ಡಿಯನ್ನು ತನ್ನತ್ತ ಎಳೆದಳು. ಡ್ರೋನ್ ಗೋಡೆ ದಾಟಿ ಈಚೆ ಬಂತು. ಡಬ್ಬಿ ತೆರೆಯಿತು. ಮಾರೆಮ್ಮನ ನರೆಗೂದಲ ಮೇಲೆ, ಹೆಂಗಸರ ಸೆರಗಿನ ಮೇಲೆ, ಕೂಸುಗಳ ತೆರೆದ ಬಾಯಿಯೊಳಗೆ ಚೆಂಡುಹೂ ಸುರಿಯಿತು.

"ಅಯ್ಯ ನನ್ನವ್ವ, ಮದುವ್ಯಾಗೂ ನನಗ ಇಷ್ಟು ಹೂ ಬಿದ್ದಿಲ್ಲೇ!" ಎಂದು ಮಾರೆಮ್ಮ ಸೆರಗೊಡ್ಡಿದಳು.

ಡ್ರೋನನ್ನು ಇಳಿಸಿ, ರಿಮೋಟನ್ನು ಗೋಡೆಯ ಮೇಲಿಟ್ಟು, ಯಮನೂರವ್ವ ಇಡೀ ಅಂಗೈಯನ್ನು ಗೋಡೆಗೆ ಒತ್ತಿದಳು. ತಿರುಗಿಸಿ ನೋಡಿದಳು. ಸುಣ್ಣ ಅಂಟಿರಲಿಲ್ಲ.

ಮಧ್ಯಾಹ್ನ ಜಡೆಯಲ್ಲಿ ಎಸಳಿಟ್ಟುಕೊಂಡೇ ಗಂಗಾವತಿಯ ಅಂಗಡಿಗೆ ಬಂದಳು. ನಡೆದದ್ದನ್ನೆಲ್ಲ ಹೇಳಿದಳು.

"ಸೈ ಹೋತು, ಕೂಲಿನೂ ಹೋತು," ಖಾಜಾಸಾಬ ತಲೆ ಕೆರೆದುಕೊಂಡ. "ಕೆಲಸದ ಬಗ್ಗೆ ಯಾರನ್ನ ವಿಚಾರಸಬೇಕು ಅಂತ ಕಂಪನಿ ಅರ್ಜ್ಯಾಗ ಒಂದು ಜಾಗ ಐತಿ. ಖಾಲಿ ಬಿಡ್ಲೇನು?"

"ಯಾಕ? ಗೌಡ್ರ ನಂಬರ್ ಹಾಕ್ರಿ."

"ತಲಿ ನೆಟ್ಟಗೈತೇನ? ಕಂಪನಿಯವ್ರು ಫೋನ್ ಮಾಡಿದ್ರ ಬಾಯಿಗೆ ಬಂದಂಗ ಬೈತಾನ."

"ಬೈಲಿ ಕಾಕಾ. ಗುಡಿ ಮ್ಯಾಲೆ ಡ್ರೋನ್ ಹಾರಿಸಿದಾಕಿ ಯಾರು ಅಂತ ಕೇಳಿದ್ರ ಸಾಕು. ನನ್ನ ಹೆಸರು ತಗೊಂಡ ಬೈಬೇಕಲ್ಲ."

ಖಾಜಾಸಾಬ ಒಂದೊಂದೇ ಅಂಕಿ ಒತ್ತತೊಡಗಿದ. ಕೊನೆಯದಕ್ಕೆ ಬರುವಷ್ಟರಲ್ಲಿ ನಗು ತಡೆಯದೆ ತಪ್ಪು ಒತ್ತಿ, ಅಳಿಸಿ, ಮತ್ತೆ ಒತ್ತಿದ.