ಹನ್ನೊಂದು ವರದಿ, ಒಂದೇ ಕೆಮ್ಮು

ನಮ್ಮ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿ ವಿದ್ಯಾರ್ಥಿಗಳ ಪ್ರಾಮಾಣಿಕತೆ ನೋಡಿಕೊಳ್ಳಲೆಂದೇ ಒಂದು ಸಮಿತಿ ಇದೆ. ಅದರ ನಡಾವಳಿ ಬರೆಯುವುದು ನನ್ನ ಕೆಲಸ. ಅಧ್ಯಕ್ಷರು ಪ್ರೊಫೆಸರ್ ಕಸಿರ್ಯೆ. ನಕಲು ಹೊಡೆದವರ ವಾಸನೆ ತಮಗೆ ಬಾಗಿಲಾಚೆಯಿಂದಲೇ ಹತ್ತುತ್ತದೆ ಎಂದು ಅವರ ನಂಬಿಕೆ.

ಹೋದ ಮಾರ್ಚಿನಲ್ಲಿ ಕೃಷಿ ವಿಭಾಗದ ಹನ್ನೆರಡು ವಿದ್ಯಾರ್ಥಿಗಳ ವರದಿ ಅವರ ಮೇಜಿಗೆ ಬಂತು. ಹಳಬರಾದ ಒಬ್ಬ ಬಾಳೆ ಬೆಳೆಗಾರರನ್ನು ಮಾತನಾಡಿಸಿ ಬರೆಯಬೇಕಿತ್ತು. ಹನ್ನೆರಡೂ ಜನ ಬರೆದದ್ದು ಮಸಾಕಾ ರಸ್ತೆಯ ನಾಂಟೆಜ ಅಜ್ಜಿಯ ಬಗ್ಗೆ, ಏಕೆಂದರೆ ಜನ ತುಂಬಿಕೊಂಡು ಓಡುವ ಟ್ಯಾಕ್ಸಿ ಅವರ ಮನೆ ಬಾಗಿಲಲ್ಲೇ ನಿಲ್ಲುತ್ತದೆ. ಹನ್ನೊಂದು ವರದಿಗಳಲ್ಲಿ ಅಜ್ಜಿಯ ಮಾತು ಅಕ್ಷರಕ್ಕಕ್ಷರ ಒಂದೇ. ನಾಲ್ಕನೆಯ ವಾಕ್ಯದ ನಂತರ ‘ಇಲ್ಲಿ ಅಜ್ಜಿ ಕೆಮ್ಮಿದರು’ ಎಂದು ಹನ್ನೊಂದರಲ್ಲೂ ಇತ್ತು. ಮುಬಿರು ಎಂಬ ಹುಡುಗನದು ಮಾತ್ರ ಪೂರ್ತಿ ಬೇರೆ. ಅದರಲ್ಲಿ ಅಜ್ಜಿ ಕಣ್ಣೀರಿಡುತ್ತ ಮಣ್ಣಿನ ಬಗ್ಗೆ ಎರಡು ಪುಟ ಮಾತನಾಡಿದ್ದರು.

ಹನ್ನೆರಡೂ ಜನರನ್ನು ಸಮಿತಿಯ ಮುಂದೆ ಕರೆಸಲಾಯಿತು. “ಇವನೊಬ್ಬನೇ ವಿದ್ಯಾರ್ಥಿ,” ಎಂದರು ಕಸಿರ್ಯೆ. “ಉಳಿದವರು ಬರೀ ಜೆರಾಕ್ಸ್ ಮಷಿನ್‌ಗಳು.”

ಹನ್ನೊಂದು ಜನರ ಪರವಾಗಿ ನಾಕಿಟ್ಟೊ ಎಂಬ ಹುಡುಗಿ ಎದ್ದು ನಿಂತಳು. “ಸರ್, ಅಜ್ಜಿ ಹೇಳಿದ್ದೇ ಹಾಗೆ. ನಾವೇನ್ ಮಾಡೋಕಾಗುತ್ತೆ?”

“ಕೆಮ್ಮಿದ್ದೂ ಹಾಗೇನಾ?”

“ಹೂಂ ಸರ್. ನಾವು ಬೇರೆಬೇರೆ ದಿನ ಹೋಗಿದ್ವಿ.”

“ಮೂವತ್ತು ವರ್ಷದಿಂದ ಸುಳ್ಳು ಕೇಳ್ತಾ ಇದೀನಮ್ಮ. ಇಷ್ಟು ಸೋಮಾರಿ ಸುಳ್ಳು ಇದೇ ಮೊದಲು.”

ಸಮಿತಿಯ ಇನ್ನೊಬ್ಬ ಸದಸ್ಯೆ ಡಾಕ್ಟರ್ ಕೆಮಿಗಿಷಾ ಕನ್ನಡಕ ಒರೆಸಿಕೊಂಡರು. “ಜಗಳ ಯಾಕೆ? ಅಜ್ಜೀನೇ ಕರೆಸಿಬಿಡೋಣ.”

ಗುರುವಾರ ಅಜ್ಜಿ ಬಂದರು, ವಿದ್ಯಾರ್ಥಿಗಳೂ ಸೇರಿದ್ದರು. ಮೆತ್ತೆ ಇದ್ದದ್ದು ಅಧ್ಯಕ್ಷರ ಕುರ್ಚಿಗೆ ಮಾತ್ರ, ಅದರಲ್ಲೇ ಕುಳಿತರು. ಏಳಿ ಎನ್ನಲು ಯಾರಿಗೂ ಧೈರ್ಯವಾಗಲಿಲ್ಲ. ಕಸಿರ್ಯೆ ಮೂಲೆಯ ಸ್ಟೂಲು ಎಳೆದುಕೊಂಡು, “ನಿಮ್ಮ ತೋಟದ ಬಗ್ಗೆ ಸ್ವಲ್ಪ ಹೇಳಿ ಅಜ್ಜಿ,” ಎಂದರು.

ಅಜ್ಜಿ ಕಣ್ಣು ಮುಚ್ಚಿದರು. “ನಾನು ಮದುವೆಯಾಗಿ ಬಂದಾಗ ನಮ್ಮತ್ತೆ ಹದಿನೇಳು ಬಾಳೆಕಂದು ಕೊಟ್ಟಳು. ಹದಿನಾರು ನೆಟ್ಟಗೆ ನಿಂತವು. ಒಂದು ಮಾತ್ರ ನನ್ನ ಗಂಡನ ಹಾಗೆ ಯಾವಾಗ್ಲೂ ವಾಲ್ಕೊಂಡೇ ಇತ್ತು. ಅದಕ್ಕೆ ಊರುಗೋಲು ಕೊಟ್ಟೆ, ಅವನಿಗೆ ಕೊಡಲಿಲ್ಲ.”

ಆಮೇಲೆ ಕೆಮ್ಮಿದರು.

ನಾನು ವರದಿಯ ಮೇಲೆ ಬೆರಳಿಟ್ಟು ನೋಡುತ್ತಿದ್ದೆ. ಒಂದಕ್ಷರ ಆಚೀಚೆ ಇಲ್ಲ. ಕೆಮಿಗಿಷಾ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು.

“ಯಾರು ಬಂದ್ರೂ ಇದನ್ನೇ ಹೇಳ್ತೀರಾ?” ಕಸಿರ್ಯೆಯ ದನಿ ಇಳಿದಿತ್ತು.

“ಮತ್ತೇನಪ್ಪಾ? ಇಪ್ಪತ್ತಾರು ವರ್ಷದಿಂದ ನಿಮ್ಮ ಮಕ್ಕಳು ಬರ್ತಾನೇ ಇದಾರೆ. ಎಲ್ರೂ ಕೇಳೋದು ಒಂದೇ ಪ್ರಶ್ನೆ. ದಿನಕ್ಕೊಂದು ಜೀವನ ನಾನೆಲ್ಲಿಂದ ತರ್ಲಿ?”

“ಆ ಕೆಮ್ಮು?”

“ಬರ್ಕೊಳ್ಳೋಕೆ ಸಮಯ ಬೇಡ್ವಾ, ಪಾಪ?”

ಕಸಿರ್ಯೆ ಮುಬಿರುವನ್ನು ಮುಂದೆ ತಳ್ಳಿದರು. “ಹಾಗಾದ್ರೆ ಇವನಿಗೆ ಮಾತ್ರ ಯಾಕೆ ಬೇರೆ ಹೇಳಿದ್ರಿ?”

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಇವನ್ಯಾರು? ನಮ್ಮನೆಗೆ ಬರೋರೆಲ್ಲ ಸಕ್ಕರೆ ತರ್ತಾರೆ. ಸಕ್ಕರೆ ತಂದವರ ಮುಖ ನಾನು ಮರೆಯಲ್ಲ.”

ಮುಬಿರು ನೆಲ ನೋಡಿದ. “ಆವತ್ತು ಟ್ಯಾಕ್ಸಿ ಸಿಗ್ಲಿಲ್ಲ ಸರ್.”

“ಮತ್ತೆ ಆ ಕಣ್ಣೀರು?”

“ಅಜ್ಜಿಯರು ಅಂದ್ರೆ ಅಳ್ತಾರೆ ಅಂದ್ಕೊಂಡೆ.”

“ನಾನು ಕೊನೇಲಿ ಅತ್ತಿದ್ದು ನಮ್ಮತ್ತೆ ಸತ್ತಾಗ,” ಎಂದರು ಅಜ್ಜಿ. “ಅದೂ ಜನ ನೋಡ್ತಿದ್ರು ಅಂತ.”

ಹನ್ನೊಂದು ಜನ ನಿರ್ದೋಷಿಗಳೆಂದು ನಾನು ಬರೆದುಕೊಂಡೆ. ಕಸಿರ್ಯೆ ಆ ವಿದ್ಯಾರ್ಥಿಗಳ ಮುಂದೆ ತಪ್ಪಾಯಿತೆಂದು ಒಪ್ಪಿಕೊಂಡರು, ಸ್ವಲ್ಪ ಗೊಣಗುತ್ತಲೇ. ಮುಬಿರುವಿಗೆ ಸೊನ್ನೆ ಬಿತ್ತು. ಇದುವರೆಗೆ ಯಾರೂ ಕೇಳದ ಪ್ರಶ್ನೆಯೊಂದನ್ನು ಅಜ್ಜಿಗೆ ಕೇಳಿ ಹೊಸದಾಗಿ ಬರೆದರೆ ಪಾಸು ಎಂದು ಸಮಿತಿ ತೀರ್ಮಾನಿಸಿತು.

ಶನಿವಾರವೇ ಅವನು ಹೋಗಿ, ಚಿಕ್ಕವರಿದ್ದಾಗ ಏನಾಗಬೇಕು ಅಂದುಕೊಂಡಿದ್ದಿರಿ ಎಂದು ಕೇಳಿದ. ಬಸ್ ಡ್ರೈವರ್ ಎಂದರಂತೆ ಅಜ್ಜಿ. ಈಗಲೂ ಒಂದು ಕೈ ನೋಡಬಲ್ಲೆ ಎಂದೂ ಹೇಳಿದರಂತೆ. ಹುಡುಗ ಮತ್ತೆ ಕಥೆ ಕಟ್ಟಿದ್ದಾನೆ ಎಂದು ಕಸಿರ್ಯೆ ಹಟ ಹಿಡಿದರು. ವಿಚಾರಿಸಿ ಬರಲು ಕೆಮಿಗಿಷಾ ತಮ್ಮ ಕಾರಿನಲ್ಲಿ ಹೋದರು.

ಸಂಜೆ ಅವರು ತಿರುಗಿ ಬಂದಾಗ ಕಾರಿನ ಮುಂದಿನ ಬಂಪರಿಗೆ ಒಂದು ಇಡೀ ಬಾಳೆ ಎಲೆ ಸಿಕ್ಕಿಕೊಂಡಿತ್ತು, ಪಕ್ಕದ ಒಂದು ಕನ್ನಡಿ ಇರಲಿಲ್ಲ.

“ವರದಿ ನಿಜ ಅಂತ ಬರ್ಕೊಳ್ಳಿ,” ಎಂದರು.