ಏಳನೆಯ ಕೊಡ

"ಗಾಜಿನ ಕೊಡದಾಗ ಬೆಳಸಿದ್ದು ಆಯುಧ ಏನು, ಜೀವ ಏನು?" ಗುರುಲಿಂಗಯ್ಯನವರು ಕೇಳಿದರು.

"ಎರಡೂ ಕಾಕಾ. ರಾಜಶ್ರೀ ಹಂಗ ಬರದಾಳ," ಎಂದಳು ಮುಬೀನಾ.

ಅಯ್ಯನವರ ಮಗಳು ರಾಜಶ್ರೀ ಹೆಣ್ಣುಕೂಸನ್ನು ಹೆತ್ತು ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ಬಸವನ ಬಾಗೇವಾಡಿಯ ಶಾಲೆಯಲ್ಲಿ ಅವಳ ಜೊತೆ ಪಾಠ ಮಾಡುತ್ತಿದ್ದ ಮುಬೀನಾ, ಅವಳ ಮೇಜಿನಲ್ಲಿ ಸಿಕ್ಕ ನೋಟುಬುಕ್ಕು ಹಿಡಿದು ಮಧ್ಯಾಹ್ನದ ಬಸ್ಸಿಗೆ ಇಂಗಳೇಶ್ವರಕ್ಕೆ ಬಂದಿದ್ದಳು. ಅದರಲ್ಲಿ ರಾಜಶ್ರೀ ಬರೆದ ಕಥೆಯೊಂದಿತ್ತು, ಮಾಸಪತ್ರಿಕೆಯೊಂದು ಅದನ್ನು ಕೇಳಿತ್ತು. ಕಥೆಗೆ ಕೊನೆಯೇ ಇರಲಿಲ್ಲ.

"ಓದವ್ವಾ."

ನಮಗಿಂತ ಸಾವಿರಾರು ವರ್ಷ ಮುಂದೆ ಹೋದ ಒಂದು ಲೋಕ. ಅಲ್ಲಿಯವರು ಯುದ್ಧಕ್ಕೆಂದು ಗಾಜಿನ ಕೊಡಗಳಲ್ಲಿ ಜೀವಂತ ಆಯುಧಗಳನ್ನು ಬೆಳೆಸುತ್ತಾರೆ. ಅವುಗಳ ಎಲುಬೇ ಕತ್ತಿ, ಉಸಿರೇ ವಿಷ. ಯುದ್ಧ ಮುಗಿಯುತ್ತದೆ. ಕೊಡಗಳನ್ನೆಲ್ಲ ಒಡೆಯಬೇಕೆಂದು ಅಪ್ಪಣೆಯಾಗುತ್ತದೆ. ಮುದಿ ಕಾವಲುಗಾರ ಆರು ಕೊಡ ಒಡೆದು ಏಳನೆಯದಕ್ಕೆ ಸುತ್ತಿಗೆ ಎತ್ತಿದಾಗ ಒಳಗಿನದು ಕಣ್ಣು ತೆರೆದು ಕೇಳುತ್ತದೆ: "ನನ್ನನ್ನು ಬೇಕೆಂದು ಮಾಡಿದವರು ನೀವೇ. ಈಗ ಯಾಕೆ ಹೆದರುತ್ತೀರಿ?"

ಮುಂದೆ ಖಾಲಿ ಹಾಳೆ.

"ಒಡೀತಾನೋ ಬಿಡ್ತಾನೋ? ನಿಮಗೇನರ ಹೇಳಿದ್ಲೇನ್ರಿ?"

"ಹೇಳಲಿಲ್ಲವ್ವಾ. ಕೇಳಿದ್ಲು."

ಕಥೆಯ ಮೇಲಿನ ತಾರೀಖನ್ನು ಅಯ್ಯನವರು ಬೆರಳಿಟ್ಟು ನೋಡಿದರು. ಹನ್ನೆರಡು ವರ್ಷ ಮಕ್ಕಳಿಲ್ಲದೆ, ಕೊನೆಗೆ ಆಸ್ಪತ್ರೆಯ ಗಾಜಿನ ತಟ್ಟೆಯಲ್ಲಿ ಮೂಡಿದ ಪಿಂಡವನ್ನು ರಾಜಶ್ರೀ ಹೊತ್ತಿದ್ದಳು. ಎಂಟನೆಯ ತಿಂಗಳಲ್ಲಿ ಹೊಟ್ಟೆಯ ಕೂಸಿನ ಹೆಸರಲ್ಲಿ ತಾಯಿಯ ತೋಳಿಗೆ ಲಿಂಗ ಕಟ್ಟುವುದು ವಾಡಿಕೆ. ಊರ ಬಸುರಿಯರಿಗೆಲ್ಲ ಕಟ್ಟಿದವರು ಇವರೇ. ಮಗಳು ತೋಳು ಚಾಚಿದಾಗ ಮಾತ್ರ, "ಮೊದಲ ಹುಟ್ಟಲಿ ತಂಗಿ, ಏನೈತೋ ನೋಡೋಣು," ಅಂದಿದ್ದರು. ಅವಳು ತೋಳು ಹಿಂದೆಳೆದುಕೊಂಡಿದ್ದಳು. ತಾರೀಖು ಅದರ ಮರುದಿನದ್ದು.

ಒಳಗಿನಿಂದ ಹೆಂಡತಿ ಶೇವಂತೆವ್ವನ ದನಿ ಬಂತು. "ಅಯ್ಯಾರು ಇನ್ನೂ ಪಂಚಾಂಗ ನೋಡಾಕತ್ತಾರ ಮುಬೀನಾ. ಊರ ಕೂಸಿಗೆ ಲಿಂಗ ಕಟ್ಟಾಕ ಓಡ್ತಾರ, ಮನಿ ಕೂಸಿಗೆ ಮುಹೂರ್ತನ ಸಿಗವಲ್ದು!"

ಹಿಂದೆ ಇಂಥ ಮಾತಿಗೆ ಅವರು ರೇಗುತ್ತಿದ್ದರು. ಈಗ ಎದ್ದು ಕೈಕಾಲು ತೊಳೆದುಕೊಂಡರು. ದೇವರ ಜಗಲಿಯ ಮೂಲೆಯಲ್ಲಿದ್ದ ಬಿಳಿ ಅರಿವೆಯ ಸಣ್ಣ ಗಂಟೊಂದನ್ನು ಬಿಚ್ಚಿದರು. ಒಳಗಿದ್ದ ಲಿಂಗವನ್ನು ಮಗಳ ಎಂಟನೆಯ ತಿಂಗಳಲ್ಲೇ ತಂದಿದ್ದರು, ಯಾರಿಗೂ ಹೇಳಿರಲಿಲ್ಲ.

ತೊಟ್ಟಿಲ ಬಳಿ ಬಂದು ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿದರು. ಬಗ್ಗಿ ಕಿವಿಯಲ್ಲಿ ಮಂತ್ರ ಹೇಳಿದರು.

"ಕೊರಳಿಗೆ ಬ್ಯಾಡ್ರಿ, ಎಳಿ ಕೂಸು. ತೊಟ್ಟಿಲಿಗೆ ಕಟ್ರಿ," ಎಂದರು ಶೇವಂತೆವ್ವ, ಮೆಲ್ಲಗೆ.

ಮುಬೀನಾ ಬಾಗಿಲಲ್ಲಿ ನೋಟುಬುಕ್ಕು ಎದೆಗವಚಿ ನಿಂತಿದ್ದಳು.

ದಾರ ಸುತ್ತಿ ಗಂಟು ಹಾಕಬೇಕು ಅನ್ನುವಷ್ಟರಲ್ಲಿ ಕೂಸು ಕಣ್ಣು ತೆರೆಯಿತು. ಅವರನ್ನೇ ನೋಡುತ್ತ ದಾರದ ತುದಿಯನ್ನು ಮುಷ್ಟಿಯಲ್ಲಿ ಹಿಡಿಯಿತು. ಎಳೆದರೆ ಬರುವಂತಿತ್ತು. ಅಯ್ಯನವರು ಎಳೆಯಲಿಲ್ಲ. ಅದು ತಾನಾಗಿ ಬಿಡಲಿ ಎಂದು ಬೆನ್ನು ಬಗ್ಗಿಸಿಕೊಂಡೇ ಕಾಯುತ್ತ ನಿಂತರು.