ಗುಂಪಿಗೆ ಸೇರದ್ದು

ಆಷಾಢದ ಸೋನೆ ಬೆಳಿಗ್ಗೆಯಷ್ಟೇ ಬಿಟ್ಟಿತ್ತು. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಹೊಲದಲ್ಲಿ ಆಳುಗಳು ಚೆಂಡುಹೂ ಕೊಯ್ದು ಮೂಟೆಗೆ ತುಂಬುತ್ತಿದ್ದರು. ಮೂಟೆಯ ಬಾಯಿ ಹೊಲಿಯುತ್ತಿದ್ದ ಸುಧಾಮಣಿಯ ಕಣ್ಣು ಮಾತ್ರ ಬದುವಿನ ಮೇಲಿತ್ತು. ಅಲ್ಲಿ ಕೂಲಿ ನಾಗಮಣಿಯ ಮಗಳು ರಂಜಿನಿ, ಸುಧಾಮಣಿಯ ಮಗ ದಿಲೀಪನಿಗೆ ಭಾಗಾಕಾರ ಹೇಳಿಕೊಡುತ್ತಿದ್ದಳು. ಇಬ್ಬರೂ ಐದನೇ ಕ್ಲಾಸು.

"ಕೂಸು ಚುರುಕು ಕಣೆ," ಎಂದ ಗಂಡ ಶಂಭುಲಿಂಗಪ್ಪ. "ನಮ್ಮೋನ್ಗೆ ಅದ್ರಲ್ಲಿ ಅರ್ಧ ಇದ್ದಿದ್ರೆ ಸಾಕಾಗಿತ್ತು."

ಸುಧಾಮಣಿ ದಾರವನ್ನು ಹಲ್ಲಿನಲ್ಲಿ ಕಡಿದಳು. ಬಾದಾಮಿ ಹಾಲು, ಗುಂಡ್ಲುಪೇಟೆಯ ಟ್ಯೂಷನ್ನು, ಎಲ್ಲ ದಿಲೀಪನಿಗೆ. ಉತ್ತರ ಮಾತ್ರ ಆ ಎಣ್ಣೆ ಕಾಣದ ತಲೆಗೆ.

ಅವತ್ತೇ ಮಧ್ಯಾಹ್ನ ಶಾಲೆಯಲ್ಲಿ ಬುದ್ಧಿಶಕ್ತಿ ಪರೀಕ್ಷೆಯ ಫಲಿತಾಂಶ. ಗೆದ್ದ ಒಬ್ಬರಿಗೆ ಚಾಮರಾಜನಗರದ ವಸತಿ ಶಾಲೆಯಲ್ಲಿ ಸೀಟು. ಶಾಲಾ ಸಮಿತಿಯವಳೆಂದು ಸುಧಾಮಣಿಯನ್ನೂ ಕೂರಿಸಿದ್ದರು. ದಿಲೀಪನಿಗೆ ಒಂದೇ ಒಂದು ಅಂಕ ಹೆಚ್ಚು ಬಂದಿತ್ತು.

"ರಂಜಿನಿಯ ಒಂದು ಉತ್ತರ ಕೇಳಿ ನೋಡ್ಬೇಕು," ಎಂದರು ಬೆಂಗಳೂರಿನಿಂದ ಬಂದಿದ್ದ ಮೇಡಂ. "ಅದು ಸರಿ ಅನ್ನಿಸಿದ್ರೆ ಇಬ್ರೂ ಸಮ. ಸಮ ಬಂದ್ರೆ ಸೀಟು ಹುಡುಗಿಗೆ."

ಚೀಟಿಯಲ್ಲಿ ನಾಲ್ಕು ಚಿತ್ರ: ಎಲೆಕೋಸು, ಆಲೂಗಡ್ಡೆ, ಟೊಮೆಟೊ, ಚೆಂಡುಹೂ. ಗುಂಪಿಗೆ ಸೇರದ್ದು ಯಾವುದು? ದಿಲೀಪ ಚೆಂಡುಹೂವಿಗೆ ಸುತ್ತು ಹಾಕಿದ್ದ. ರಂಜಿನಿ ಟೊಮೆಟೊಗೆ.

"ಯಾಕಮ್ಮ?"

"ಅದೊಂದೇ ಕೀಳ್ತಾ ಕೀಳ್ತಾ ತಿನ್ಬೋದು ಮೇಡಂ. ಮಿಕ್ಕಿದ್ದೆಲ್ಲ ಮೂಟೆ ಕಟ್ಟಿ ಕಳ್ಸೋದೇಯ."

"ಚೆಂಡುಹೂ ಹೂವಲ್ವಾ?"

"ಅದು ಬಣ್ಣ ತೆಗ್ಯೋ ಫ್ಯಾಕ್ಟ್ರಿಗೋಗೋ ಬೆಳೆ. ಯಾರೂ ಮುಡಿಯಲ್ಲ."

ಮೇಡಂ ನಗುತ್ತಲೇ ಸುಧಾಮಣಿಯತ್ತ ತಿರುಗಿದರು. "ನೀವೂ ಬೆಳೀತೀರಂತಲ್ಲ. ಇವಳು ಹೇಳೋದು ಹೌದಾ?"

ಅವಳ ಉಗುರಿನ ಸಂದಿಯಲ್ಲಿ ಇನ್ನೂ ಹೂವಿನ ಹಳದಿಯಿತ್ತು. ರಂಜಿನಿ ಅವಳನ್ನೇ ನೋಡುತ್ತಿದ್ದಳು, ಸಾಕ್ಷಿ ಸಿಕ್ಕ ನೆಮ್ಮದಿಯಲ್ಲಿ. ಆ ನೆಮ್ಮದಿಯೇ ಸುಧಾಮಣಿಗೆ ಉರಿಯಿತು.

"ಹೂವು ಹೂವೇ ಅಲ್ವಾ ಮೇಡಂ," ಎಂದಳು.

ರಾತ್ರಿ ಊಟಕ್ಕೆ ಕೂತ ದಿಲೀಪ, "ಅವ್ವ, ಅವ್ಳು ಹೇಳಿದ್ದೂ ಸರೀನೇ ಅಲ್ವಾ? ಮೇಡಮ್ಗೆ ಒಂದು ಫೋನ್ ಮಾಡು" ಎಂದ.

"ನಾಳೆ ಮಾಡ್ತೀನಿ, ಉಣ್ಣು."

ಮಾಡಲಿಲ್ಲ. ಹಾಸ್ಟೆಲಿಗೆ ಸೇರಿಸುವ ದಿನ ದಿಲೀಪನ ಟ್ರಂಕು ಹೊತ್ತು ಬಸ್ಸಿಗೇರಿಸಿದವಳು ನಾಗಮಣಿಯೇ.

"ನಮ್ಮುಡ್ಗೀಗೆ ಬುದ್ಧಿ ಸಾಲ್ದಂತೆ ಅಮ್ಮಾವ್ರೆ," ಎಂದಳು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ. "ನಾಳಿಂದ ಅವ್ಳೂ ಕೂಲಿಗ್ ಬತ್ತೀನಿ ಅಂತವ್ಳೆ. ನೀವಾದ್ರೂ ಒಂದ್ ಮಾತು ಏಳಿ."

"ಬಸ್ಸು ಹೊರಡ್ತದೆ," ಎಂದಳು ಸುಧಾಮಣಿ. "ಬಾಗ್ಲು ಬುಡು."